ಅಪ್ಪನ ತೂಕ 61ರಿಂದ 43ಕ್ಕೆ ಇಳಿದಿದೆ, ಮೂಗಿನ ಪೈಪಿನಲ್ಲಿ ಏನು ಕೊಡೋದು, ಎಷ್ಟು ಕೊಡೋದು?

ಗದ್ದೆಬದು, ಮದ್ದೂರು ಹತ್ತಿರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಅಪ್ಪನಿಗೆ 58 ವರ್ಷ. ಅನ್ನನಾಳದ ಕ್ಯಾನ್ಸರ್ ಅಂತ ಎರಡು ತಿಂಗಳ ಹಿಂದೆ ಗೊತ್ತಾಯಿತು. ಮೊದಮೊದಲು ಮುದ್ದೆ ಎದೆಯಲ್ಲೇ ನಿಂತ ಹಾಗಾಗುತ್ತೆ ಅಂತಿದ್ದರು. ನಾವು ಮುದ್ದೆ ಗಟ್ಟಿ ಮಾಡಿದ್ದೀಯ ಅಂತ ಅವ್ವನಿಗೇ ಬೈದೆವು. ಆಮೇಲೆ ಅನ್ನ ಇಳಿಯಲಿಲ್ಲ, ಆಮೇಲೆ ಗಂಜಿ, ಈಗ ಎರಡು ವಾರದಿಂದ ನೀರು, ಕಾಫಿ ಅಷ್ಟೇ, ಅದೂ ಗುಟುಕು ಗುಟುಕಾಗಿ. ನಾಲ್ಕು ತಿಂಗಳ ಹಿಂದೆ 61 ಕೆಜಿ ಇದ್ದರು. ಮೊನ್ನೆ ನೋಡಿದರೆ 43. ಎತ್ತರ 5 ಅಡಿ 6 ಇಂಚು. ಉಡಿದಾರ ಜಾರುತ್ತೆ ಅಂತ ಗಂಟು ಹಾಕುತ್ತಾ ಹಾಕುತ್ತಾ ಈಗ ಅದರಲ್ಲಿ ನಾಲ್ಕು ಗಂಟು ಇದೆ.

ಮುಂದಿನ ವಾರದಿಂದ ಮೈಸೂರಿನಲ್ಲಿ ರೇಡಿಯೇಷನ್. ಇವತ್ತು ಮೂಗಿಗೆ ಪೈಪು ಹಾಕಿ ಮನೆಗೆ ಕಳಿಸಿದ್ದಾರೆ. ಚೀಟಿಯಲ್ಲಿ ಬರೆದಿರೋದು ಒಂದೇ ಸಾಲು, ಎರಡು ಗಂಟೆಗೊಮ್ಮೆ ಲಿಕ್ವಿಡ್ ಕೊಡಿ ಅಂತ. ಯಾವ ಲಿಕ್ವಿಡ್ಡು, ಎಷ್ಟು, ಕೇಳೋಣ ಅಂದರೆ ಅಷ್ಟೊತ್ತಿಗೆ ಮುಂದಿನ ಪೇಷೆಂಟ್ ಹೆಸರು ಕೂಗಿದರು.

ಮನೆಗೆ ಬಂದರೆ ಎಲ್ಲರೂ ಡಾಕ್ಟರೇ. ಅತ್ತೆ ಕಾಲು ಸೂಪ್ ಕೊಡಿ ಅಂತಾರೆ. ಚಿಕ್ಕಪ್ಪ ಕಾಂಪೌಂಡರ್ ಕರೆಸಿ ವಾರಕ್ಕೆರಡು ಗ್ಲೂಕೋಸ್ ಬಾಟಲಿ ಹಾಕಿಸೋಣ ಅಂತಾರೆ. ಪಕ್ಕದ ಮನೆಯವರು ಮೊಟ್ಟೆ ನಂಜು, ಮುಟ್ಟಬೇಡಿ ಅಂದರು. ಅವ್ವ ಮಾತ್ರ ಏನೂ ಹೇಳದೆ ಒಲೆ ಮುಂದೆ ಕೂತು ಒಂದು ದೊಡ್ಡ ಪಾತ್ರೆ ಗಂಜಿ ಕಾಯಿಸಿ ಇಟ್ಟಿದ್ದಾಳೆ. ಎರಡು ವಾರದ ಹಸಿವು, ಇವತ್ತೇ ಹೊಟ್ಟೆ ತುಂಬಾ ಕೊಟ್ಟುಬಿಡೋಣ ಅಂತ ನನಗೂ ಅನ್ನಿಸುತ್ತಿದೆ. ಗೊತ್ತಿರೋರು ಹೇಳಿ.


ಚಾಮುಂಡಿಪುರಂ ಡಯಟ್

ತಂಗಿ, ಆ ಪಾತ್ರೆ ಗಂಜಿ ಇವತ್ತು ಪೂರ್ತಿ ಕೊಡಬೇಡಿ. ಇದನ್ನು ಮೊದಲು ಅವ್ವನಿಗೆ ಹೇಳಿ ಬನ್ನಿ, ಮಿಕ್ಕಿದ್ದು ಆಮೇಲೆ ಓದಿ.

ನಾನು ಮೈಸೂರಿನಲ್ಲಿ ಆಸ್ಪತ್ರೆ ಡಯಟೀಶಿಯನ್. ನೀವು ಕೊಟ್ಟ ಲೆಕ್ಕದಲ್ಲಿ ನಿಮ್ಮ ತಂದೆಯ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನೋ ಲೆಕ್ಕ, 15ರ ಆಸುಪಾಸು ಬರುತ್ತೆ. ಇದ್ದ ತೂಕದಲ್ಲಿ ಶೇ. 29ಕ್ಕೂ ಜಾಸ್ತಿ ಹೋಗಿದೆ. ಬಿಎಂಐ 16ಕ್ಕಿಂತ ಕಡಿಮೆ ಇರೋದು, 3ರಿಂದ 6 ತಿಂಗಳಲ್ಲಿ ಶೇ. 15ಕ್ಕಿಂತ ಜಾಸ್ತಿ ತೂಕ ಇಳಿದಿರೋದು, 10 ದಿನಕ್ಕಿಂತ ಜಾಸ್ತಿ ಹೆಚ್ಚುಕಡಿಮೆ ಉಪವಾಸ ಇರೋದು, ಈ ಮೂರರಲ್ಲಿ ಒಂದಿದ್ದರೂ ನಾವು ಹುಷಾರಾಗುತ್ತೇವೆ. ನಿಮ್ಮ ತಂದೆಗೆ ಮೂರೂ ಇದೆ.

ಊಟ ಇಲ್ಲದಾಗ ದೇಹ ಒಳಗಿನ ಕೊಬ್ಬು ಸುಟ್ಟುಕೊಂಡು, ಎಲ್ಲ ಕೆಲಸ ನಿಧಾನ ಮಾಡಿಕೊಂಡು ಹೇಗೋ ದಿನ ತಳ್ಳುತ್ತಿರುತ್ತೆ. ಆಗ ಒಮ್ಮೆಲೇ ಗಂಜಿ, ಸಕ್ಕರೆ ಹೋದರೆ ಇನ್ಸುಲಿನ್ ಏರುತ್ತೆ. ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಜೀವಕೋಶಗಳ ಒಳಗೆ ಓಡಿಬಿಡುತ್ತವೆ, ರಕ್ತದಲ್ಲಿ ಖಾಲಿ. ಬಿ1 ವಿಟಮಿನ್ ಮೊದಲೇ ಅಷ್ಟಕ್ಕಷ್ಟೇ, ಇದ್ದದ್ದೂ ಖರ್ಚಾಗುತ್ತೆ. ಕಾಲು ಊದುತ್ತೆ, ಉಸಿರು ಸಾಲದಾಗುತ್ತೆ, ಮಂಕು ಕವಿಯುತ್ತೆ, ಎದೆ ಬಡಿತ ಏರುಪೇರಾಗುತ್ತೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅಂತಾರೆ. ಎರಡನೇ ಮಹಾಯುದ್ಧ ಮುಗಿದಾಗ ಜಪಾನಿನವರ ಸೆರೆಯಿಂದ ಬಿಡಿಸಿಕೊಂಡು ಬಂದವರಲ್ಲಿ ಕೆಲವರು ಊಟ ಶುರುವಾದ ಮೇಲೆ ಸತ್ತರು. ವೈದ್ಯರಿಗೆ ಇದು ಚೆನ್ನಾಗಿ ಕಣ್ಣಿಗೆ ಬಿದ್ದಿದ್ದು ಆಗಲೇ.

ನಾಳೆ ಬೆಳಿಗ್ಗೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಆಗದಿದ್ದರೆ ಹೋಗಿ. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ರಕ್ತಪರೀಕ್ಷೆ ಆಗಿದೆಯಾ ಕೇಳಿ. ಊಟ ಏರಿಸೋ ಮೊದಲೇ ಥಯಾಮಿನ್, ಅಂದರೆ ಅದೇ ಬಿ1, ಬರೆದುಕೊಡಿ ಅಂತ ಕೇಳಿ. ಇಂಥವರಿಗೆ ಮೊದಲ ದಿನ ಕೆಜಿಗೆ ಹತ್ತು ಕ್ಯಾಲೊರಿ ಲೆಕ್ಕ, ಅಂದರೆ 430. ಕೆಲವು ಸಲ ಅದಕ್ಕಿಂತ ಕಡಿಮೆಯಿಂದಲೂ ಶುರು ಮಾಡಿಸುತ್ತೇವೆ. ನಾಲ್ಕರಿಂದ ಏಳು ದಿನದಲ್ಲಿ ನಿಧಾನಕ್ಕೆ ಏರಿಸಿ ಕೆಜಿಗೆ 25ರಿಂದ 30, ಅಂದರೆ ದಿನಕ್ಕೆ 1,100ರಿಂದ 1,300. ಪ್ರೋಟೀನ್ 52ರಿಂದ 65 ಗ್ರಾಂ. ಏರಿಸುವಾಗ ಮತ್ತೆ ಮತ್ತೆ ರಕ್ತ ನೋಡಬೇಕು. ಆದ್ದರಿಂದ ಮೊದಲ ಕೆಲವು ದಿನ ಅಡ್ಮಿಟ್ ಮಾಡಿಕೊಳ್ಳಿ ಅಂತಲೇ ಕೇಳಿ ನೋಡಿ, ನಾಚಿಕೆ ಬೇಡ.

ಚಿಕ್ಕಪ್ಪನ ಗ್ಲೂಕೋಸ್ ಬಾಟಲಿ: 500 ಎಂಎಲ್‌ನ ಶೇ. 5ರ ಬಾಟಲಿಯಲ್ಲಿರೋದು 25 ಗ್ರಾಂ ಸಕ್ಕರೆ. ನೂರು ಕ್ಯಾಲೊರಿಯೂ ಬರಲ್ಲ, ಪ್ರೋಟೀನ್ ಸೊನ್ನೆ. ಬಿ1 ಕೊಡದೆ ಅದನ್ನು ಏರಿಸಿದರೆ ಇಂಥವರಿಗೆ ಅಪಾಯವೂ ಹೌದು. ಮನೆಯಲ್ಲಿ ಬೇಡವೇ ಬೇಡ.


ನಾಲೆ ಏರಿ, ಪಾಂಡವಪುರ

ಮೇಡಂ ಹೇಳಿದ್ದು ನಮ್ಮ ಮನೆಯಲ್ಲೇ ಆಗಿದೆ, ಅದಕ್ಕೆ ಬರೀತಿದ್ದೀನಿ.

ನಮ್ಮ ಭಾವ ಕುಡಿತದವರು. ಮೂರು ವಾರ ಊಟ ಬಿಟ್ಟು ಕೊನೆಗೆ ಎದ್ದು ಕೂರಲಾರದ ಹಾಗಾದಾಗ ಒಂದು ಆಸ್ಪತ್ರೆಗೆ ಸೇರಿಸಿದೆವು. ಪೈಪು ಹಾಕಿದರು. ಅಕ್ಕ, ನಾನು, ಅವರ ಅಮ್ಮ ಪಾಳಿ ಪ್ರಕಾರ ಕೂತು, ಎರಡು ಗಂಟೆಗೊಮ್ಮೆ ದೊಡ್ಡ ಲೋಟದ ತುಂಬಾ ಹಾಲು, ಸಕ್ಕರೆ, ಡಬ್ಬಿ ಪುಡಿ, ಬಾಳೆಹಣ್ಣು ರುಬ್ಬಿ ಹಾಕಿದ್ದೇ ಹಾಕಿದ್ದು. ಎಷ್ಟು ಕೊಡಬೇಕು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೊದಲೆರಡು ದಿನ ಮುಖದಲ್ಲಿ ಕಳೆ ಬಂತು ಅಂತ ಖುಷಿ. ಮೂರನೇ ದಿನ ಸಂಜೆ ಕಾಲು ಒತ್ತಿದರೆ ಬೆರಳಿನ ಗುಂಡಿ ಹಾಗೇ ನಿಲ್ಲುತ್ತಿತ್ತು. ಅಕ್ಕ ಮೈ ತುಂಬಿಕೊಳ್ತಿದೆ ಅಂದಳು. ರಾತ್ರಿ ಉಸಿರು ಮೇಲೆ ಕೆಳಗೆ, ಮಾತು ತೊದಲು, ಐಸಿಯುಗೆ ಎಳೆದುಕೊಂಡು ಹೋದರು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ರಿಪೋರ್ಟ್ ತೋರಿಸಿ, ಫಾಸ್ಫೇಟ್ ನೋಡಿ, ಇಲ್ಲವೇ ಇಲ್ಲ ಅನ್ನೋ ಹಾಗಿದೆ ಅಂದರು. ಆರು ದಿನ ಐಸಿಯು. ಬದುಕಿದರು, ಈಗ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ.

ಅಕ್ಕ ಈಗಲೂ ನಾನೇ ತಿನ್ನಿಸಿ ಸಾಯಿಸ್ತಿದ್ದೆ ಅಂತ ಹೇಳಿಕೊಂಡು ಅಳುತ್ತಾಳೆ. ನಿಮ್ಮ ಅವ್ವನಿಗೆ ಇದನ್ನು ಓದಿ ಹೇಳಿ. ಕಾಲು ಊದಿದರೆ ಮೈ ಬಂತು ಅಂದುಕೊಳ್ಳಬೇಡಿ.


ಸತ್ಯವಾನ್ ಮೈಸೂರು

ಕ್ಯಾನ್ಸರ್‌ಗೆ ಸಕ್ಕರೆಯೇ ಊಟ. ಸಕ್ಕರೆ, ಬೆಲ್ಲ, ಹಾಲು, ಅನ್ನ ಪೂರ್ತಿ ನಿಲ್ಲಿಸಿ. ಲಕ್ಷ್ಮಣಫಲದ ಎಲೆ ಕಷಾಯ, ಗೋಧಿಹುಲ್ಲಿನ ರಸ ಎರಡೇ ಕೊಡಿ. ಗಡ್ಡೆ ಉಪವಾಸ ಬಿದ್ದು ತಾನೇ ಕರಗುತ್ತೆ. ಡಾಕ್ಟರುಗಳು ಇದನ್ನು ಹೇಳಲ್ಲ.


ಚಾಮುಂಡಿಪುರಂ ಡಯಟ್

ಸ್ವಾಮಿ, ಆ ಮನುಷ್ಯ ಆಗಲೇ ಎರಡು ವಾರ ಉಪವಾಸ ಇದ್ದಾರೆ. ಗಡ್ಡೆ ಕರಗಿಲ್ಲ, 18 ಕೆಜಿ ಮೈ ಕರಗಿದೆ. ಸಕ್ಕರೆ ಕೊಡದಿದ್ದರೆ ದೇಹ ಸುಮ್ನೆ ಇರಲ್ಲ, ತನ್ನದೇ ಮಾಂಸಖಂಡ ಒಡೆದು ಸಕ್ಕರೆ ಮಾಡಿಕೊಳ್ಳುತ್ತೆ, ಗಡ್ಡೆಗೂ ಅದರಿಂದಲೇ ಪಾಲು. ಸೊರಗಿದವರಿಗೆ ರೇಡಿಯೇಷನ್ ತಡೆದುಕೊಳ್ಳೋದೂ ಕಷ್ಟ, ಮಧ್ಯದಲ್ಲೇ ನಿಲ್ಲಿಸಬೇಕಾಗಿ ಬರುತ್ತೆ. ಶುಗರ್ ಕಾಯಿಲೆ ಇದ್ದರೆ ಲೆಕ್ಕ ಬೇರೆ, ಅದನ್ನು ಡಾಕ್ಟರು ನೋಡಿಕೊಳ್ತಾರೆ.

ತಂಗಿ, ನೀವು ಅದನ್ನೆಲ್ಲ ಬಿಡಿ. ಏನು ಕೊಡೋದು ಅಂತ ಕೇಳಿದ್ದಿರಲ್ಲ, ಅಲ್ಲಿಗೆ ಬರುತ್ತೇನೆ.

ನಮ್ಮ ಕಡೆ ಕಾಯಿಲೆಯವರಿಗೆ ಅಂತ ಕೊಡೋದೆಲ್ಲ ನೀರು ನೀರೇ. ಗಂಜಿ ತಿಳಿ, ಬೇಳೆ ಕಟ್ಟು, ಎಳನೀರು, ಕಾಲು ಸೂಪ್. ಲೋಟ ತುಂಬುತ್ತೆ, ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ. ಮದ್ದೂರಿನವರಿಗೆ ಎಳನೀರು ಬೇಡ ಅನ್ನೋಕೆ ನನಗೂ ಧೈರ್ಯ ಇಲ್ಲ, ಆದರೆ ಒಂದು ಎಳನೀರಿನಲ್ಲಿ ಸಿಗೋದು 50-60 ಕ್ಯಾಲೊರಿ, ಜೊತೆಗೆ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ರಿಪೋರ್ಟ್ ಸರಿ ಇಲ್ಲದಿದ್ದರೆ ಕೇಳದೆ ಕೊಡಬೇಡಿ. ಅತ್ತೆಯ ಸೂಪು ಸೋಸಿ ಕೊಡಿ, ಬೇಡ ಅನ್ನಲ್ಲ, ಆದರೆ ಅದನ್ನು ಊಟ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಬೇಕಾಗಿರೋದು ಲೋಟ ಚಿಕ್ಕದಾದರೂ ಒಳಗೆ ಕಸುವಿರೋ ಊಟ. ಅದಕ್ಕೆ ಮೊಳಕೆ ರಾಗಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಮಾಮೂಲಿ ರಾಗಿಹಿಟ್ಟು ಎರಡು ಚಮಚ ಜಾಸ್ತಿ ಆದರೆ ಗಂಜಿ ಮುದ್ದೆಯಾಗುತ್ತೆ, ಪೈಪಿನಲ್ಲಿ ಇಳಿಯಲ್ಲ. ಮೊಳಕೆ ಬಂದಾಗ ಕಾಳಿನೊಳಗೆ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ, ಅದು ಪಿಷ್ಟವನ್ನು ಒಡೆದು ತೆಳ್ಳಗೆ ಮಾಡುತ್ತೆ. ಅಷ್ಟೇ ನೀರಿಗೆ ಜಾಸ್ತಿ ಹಿಟ್ಟು ಹಿಡಿಸಬಹುದು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾಯಿತಲ್ಲ, ಅಲ್ಲಿಯವರು ರಾಗಿ ಮಾಲ್ಟ್ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ. ನಮ್ಮ ಅಜ್ಜಿಯರು ಕಿಣ್ವದ ಹೆಸರು ಗೊತ್ತಿಲ್ಲದೆ ಅದನ್ನೇ ಮಕ್ಕಳಿಗೆ ಕೊಟ್ಟರು.

ರಾಗಿ ತೊಳೆದು ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ ಇಡಿ. ಎರಡು ದಿನದಲ್ಲಿ ಬಿಳಿ ಮೊಳಕೆ ಬರುತ್ತೆ. ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರೋವರೆಗೆ ಮಾತ್ರ ಹುರಿದು ಬೀಸಿ ಜರಡಿ ಹಿಡಿಯಿರಿ. ಕಪ್ಪಗೆ ಹುರಿದರೆ ಕಿಣ್ವ ಸಾಯುತ್ತೆ. ಒಂದು ಸಲ ಹೀಗೆ ಮಾಡಿ ನೋಡಿ: ಗಟ್ಟಿ ಗಂಜಿ ಇಳಿಸಿ, ಕುದಿ ಅಡಗಿದ ಮೇಲೆ ಬಿಸಿ ಇರುವಾಗಲೇ ಈ ಹಿಟ್ಟು ಒಂದು ಚಮಚ ಹಾಕಿ ಕಲಕಿ. ಸೌಟಿನಿಂದ ದೊಪ್ಪನೆ ಬೀಳುತ್ತಿದ್ದದ್ದು ಐದು ನಿಮಿಷದಲ್ಲಿ ಎಣ್ಣೆ ಹಾಗೆ ಧಾರೆ ಕಟ್ಟುತ್ತೆ. ಆಮೇಲೆ ಇನ್ನೊಂದು ಕುದಿ ಕುದಿಸಿ.

ಒಂದು ಲೋಟದ ಲೆಕ್ಕ ಹೇಳ್ತೀನಿ. ಹಾಲು 200 ಎಂಎಲ್, ಮೊಳಕೆ ರಾಗಿ ಹಿಟ್ಟು 20 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 15 ಗ್ರಾಂ, ಬೆಲ್ಲ 10 ಗ್ರಾಂ, ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪ. ಹೆಚ್ಚುಕಡಿಮೆ 330 ಕ್ಯಾಲೊರಿ, 13 ಗ್ರಾಂ ಪ್ರೋಟೀನ್. ಇಂಥ ನಾಲ್ಕು ಲೋಟವನ್ನು ದಿನವಿಡೀ ಹಂಚಿಕೊಟ್ಟರೆ ನಿಮ್ಮ ತಂದೆಯ ಲೆಕ್ಕ ಮುಟ್ಟುತ್ತೆ. ಆದರೆ ಅದು ಹತ್ತಿರ ಹತ್ತಿರ ವಾರದ ಕೊನೆಗೆ. ಮೊದಲ ದಿನ ಡಾಕ್ಟರು ಸರಿ ಅಂದರೆ ಎಲ್ಲ ಸೇರಿ ಒಂದು ಲೋಟ, ಜಾಸ್ತಿ ಅಂದರೆ ಒಂದೂಕಾಲು. ಹಾಲಿನಿಂದ ಭೇದಿ ಆದರೆ ಹೇಳಿ, ಬೇರೆ ದಾರಿ ಇದೆ.

ಮೊಟ್ಟೆ ನಂಜಲ್ಲ. ಒಂದರಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಪೂರ್ತಿ ಬೇಯಿಸಿ ಹಾಲಿನ ಜೊತೆ ನುಣ್ಣಗೆ ರುಬ್ಬಿ ಸೋಸಿ ಕೊಡಬಹುದು. ಹಸಿ ಮೊಟ್ಟೆ ಮಾತ್ರ ಬೇಡ. ಇನ್ನೊಂದು, ರಕ್ತದಲ್ಲಿರೋ ಆಲ್ಬುಮಿನ್ ಅನ್ನೋ ಪ್ರೋಟೀನ್ ಕಡಿಮೆ ಇದೆ, ಬಾಟಲಿ ಏರಿಸಿ ಅಂತ ಯಾರಾದರೂ ಹೇಳಿದರೆ ದುಡ್ಡು ಕಟ್ಟೋ ಮೊದಲು ಯಾಕೆ ಅಂತ ಕೇಳಿ. ಕಾಯಿಲೆ, ಸೋಂಕು ಜೋರಾಗಿದ್ದರೂ ಆಲ್ಬುಮಿನ್ ಇಳಿಯುತ್ತೆ. ಅದು ಊಟದ ಬದಲಿ ಅಲ್ಲ.


ರಾತ್ರಿ ಪಾಳಿ

ನಾನು ನರ್ಸ್. ಮೇಡಂ ಏನು ಕೊಡಬೇಕು ಹೇಳಿದರು, ನಾನು ಹೇಗೆ ಕೊಡಬೇಕು ಹೇಳ್ತೀನಿ. ಮನೆಗೆ ಹೋದವರು ನ್ಯುಮೋನಿಯಾ ಮಾಡಿಕೊಂಡು ವಾಪಸ್ ಬರೋದು ಇಲ್ಲೇ.

ಮಲಗಿಸಿ ಕೊಡಲೇಬೇಡಿ. ಬೆನ್ನಿಗೆ ದಿಂಬು ಕೊಟ್ಟು ಅರ್ಧ ಕೂರಿಸಿ, ಕೊಟ್ಟ ಮೇಲೂ ಮುಕ್ಕಾಲು ಗಂಟೆ, ಒಂದು ಗಂಟೆ ಹಾಗೇ ಇರಲಿ. ಮೂಗಿನ ಹತ್ತಿರ ಪೈಪಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಪ್ರತಿ ಸಲ ನೋಡಿ. ಗುರುತು ಹೊರಗೆ ಸರಿದಿದ್ದರೆ, ಅಥವಾ ಕೆಮ್ಮಿ ವಾಂತಿ ಮಾಡಿಕೊಂಡ ಮೇಲೆ ಅನುಮಾನ ಬಂದರೆ, ಏನೂ ಹಾಕಬೇಡಿ. ನೀವೇ ಒಳಗೆ ತಳ್ಳಲೂ ಬೇಡಿ, ಆಸ್ಪತ್ರೆಗೆ ಹೋಗಿ. ಅದು ಶ್ವಾಸಕೋಶದ ದಾರಿ ಹಿಡಿದಿದ್ದರೆ ಗಂಜಿ ಅಲ್ಲಿಗೇ ಹೋಗುತ್ತೆ.

50 ಎಂಎಲ್ ಸಿರಿಂಜಿನ ಹಿಂದಿನ ದಂಡ ತೆಗೆದುಬಿಡಿ. ಬರೀ ಕೊಳವೆಯನ್ನು ಪೈಪಿಗೆ ಸಿಕ್ಕಿಸಿ, ಮೂಗಿಗಿಂತ ಒಂದು ಅಡಿ ಮೇಲೆ ಹಿಡಿದು ಸುರಿಯಿರಿ, ತಾನೇ ಇಳಿಯುತ್ತೆ. ಒತ್ತಬೇಡಿ. ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷವಾದರೂ ಬೇಕು. ಮುಂಚೆ 30 ಎಂಎಲ್ ಕುದಿಸಿ ಆರಿಸಿದ ನೀರು, ಆಮೇಲೆ 30 ಎಂಎಲ್. ಇದನ್ನು ಮರೆತರೆ ರಾಗಿ ಒಳಗೆ ಅಂಟಿ ಪೈಪು ಕಟ್ಟುತ್ತೆ, ಮತ್ತೆ ಮೂಗಿಗೆ ಚುಚ್ಚಿಸಿಕೊಳ್ಳಬೇಕು, ಪಾಪ. ಏನೇ ಮಾಡಿದರೂ ತೆಳು ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿ. ಆ ಬಟ್ಟೆ ದಿನಾ ಕುದಿಸಿ. ಮಾತ್ರೆ ಪುಡಿ ಮಾಡಿ ಹಾಕಬಹುದಾ ಅಂತ ಒಂದೊಂದಕ್ಕೂ ಕೇಳಿ, ಕೆಲವನ್ನು ಪುಡಿ ಮಾಡಬಾರದು.

ಅವ್ವ ಬೆಳಿಗ್ಗೆ ಒಂದೇ ಸಲ ಮಾಡಿ ಸಂಜೆವರೆಗೆ ಇಡೋದು ಬೇಡ. ನಮ್ಮ ಸೆಕೆಗೆ ಹಾಲು ಹಾಕಿದ್ದು ಎರಡು ಗಂಟೆ ಮೇಲೆ ಹೊರಗೆ ಇಡಬಾರದು. ಕೊಡುವಾಗ ಕೆಮ್ಮು ಶುರುವಾದರೆ, ತುಟಿ ನೀಲಿ ತಿರುಗಿದರೆ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಮತ್ತೆ ಬಾಯಿಂದ ಏನೂ ಹೋಗದಿದ್ದರೂ ದಿನಕ್ಕೆ ನಾಲ್ಕು ಸಲ ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸಿ ಉಗುಳಿಸಿ.


ಕಬ್ಬಿನಗದ್ದೆ, ಮಂಡ್ಯ

ಇದು ಕ್ಯಾನ್ಸರ್ ವಿಷಯ ಅಲ್ಲ, ಆದರೂ ಹೇಳ್ತೀನಿ. ನಮ್ಮ ಅವ್ವನಿಗೆ ಟಿಬಿ ಆದಾಗ 34 ಕೆಜಿ ಇದ್ದಳು. ಮಾತ್ರೆ ಕೊಟ್ಟರು, ಊಟದ ಮಾತು ಯಾರೂ ಅಷ್ಟಾಗಿ ಆಡಲಿಲ್ಲ. ಆಮೇಲೆ ಓದಿದೆ, ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವರು ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳಿಗೆ ತಿಂಗಳಿಗೆ 10 ಕೆಜಿ ರೇಷನ್ ಕೊಟ್ಟು ನೋಡಿದರಂತೆ. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ, ಅಷ್ಟೇ. ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ತುಂಬಾ ಕಡಿಮೆ. ಮನೆಯವರಿಗೂ ರೇಷನ್ ಕೊಟ್ಟ ಕಡೆ ಹೊಸದಾಗಿ ಟಿಬಿ ಬರೋದು ಶೇ. 39ರಷ್ಟು ಇಳಿಯಿತು. 2023ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಟಿಬಿ ಇದ್ದವರಿಗೆ ಊಟಕ್ಕೆ ಅಂತ ಸರ್ಕಾರ ಕೊಡೋ ನಿಕ್ಷಯ್ ಪೋಷಣ್ ದುಡ್ಡು ತಿಂಗಳಿಗೆ 500 ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ, ಯಾರ ಮನೆಯಲ್ಲಾದರೂ ಇದ್ದರೆ ಬಿಡಬೇಡಿ. ಬ್ಯಾಂಕ್ ಖಾತೆ ಜೋಡಿಸಿಲ್ಲ ಅಂತ ನಮಗೆ ಮೂರು ತಿಂಗಳು ಅಲೆದಾಟ ಆಯಿತು. ಕ್ಯಾನ್ಸರ್‌ಗೆ ಇಂಥದ್ದು ಇಲ್ಲವಲ್ಲ ಅನ್ನೋದೇ ನನ್ನ ಸಿಟ್ಟು.


ಹಳೇ ಮೇಷ್ಟ್ರು, ಶ್ರೀರಂಗಪಟ್ಟಣ

ಮಗಳೇ, ನಾನು ಡಾಕ್ಟರಲ್ಲ. ನಮ್ಮ ಮನೆಯವರು ಇದೇ ಕಾಯಿಲೆಯಲ್ಲಿ ಹೋದರು. ಹೆದರಿಸೋಕೆ ಹೇಳುತ್ತಿಲ್ಲ, ನಿಮ್ಮ ತಂದೆಗೆ ಚಿಕಿತ್ಸೆ ಈಗ ಶುರುವಾಗುತ್ತಿದೆ, ಪ್ರಯತ್ನ ಮಾಡಲೇಬೇಕು.

ನಾನು ಆರು ತಿಂಗಳು ತಿನ್ನು ತಿನ್ನು ಅಂತ ಜಗಳ ಆಡಿದೆ. ಚಮಚ ಹಿಡಿದುಕೊಂಡು ತುಟಿ ಹತ್ತಿರ ಕೂತಿರುತ್ತಿದ್ದೆ. ಅವಳು ಮುಖ ತಿರುಗಿಸಿದರೆ ಹಟ ಅಂದುಕೊಳ್ಳುತ್ತಿದ್ದೆ. ಈ ಕಾಯಿಲೆಯೇ ಹಸಿವನ್ನು ತಿಂದುಹಾಕುತ್ತೆ, ಊಟ ಹೋದರೂ ಮಾಂಸ ಕರಗಬಹುದು ಅಂತ ಒಬ್ಬ ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು. ಕೊನೆ ವಾರದಲ್ಲಿ ಅವರೇ, ಇನ್ನು ಬಲವಂತ ಬೇಡ ಮೇಷ್ಟ್ರೇ, ಗಂಟಲಿಗೆ ಹೋಗಿ ಕಷ್ಟ ಆಗುತ್ತೆ, ಬಾಯಿ ಒಣಗದ ಹಾಗೆ ನೋಡಿಕೊಳ್ಳಿ ಅಂದರು. ಹತ್ತಿ ಅದ್ದಿ ತುಟಿ ಒರೆಸುತ್ತಾ ಕೂತೆ. ಆ ವಾರ ಇಬ್ಬರೂ ಜಗಳ ಆಡಲಿಲ್ಲ.

ಅವ್ವನಿಗೆ ಒಂದು ನೋಟ್‌ಬುಕ್ ಕೊಡಿ. ಎಷ್ಟು ಗಂಟೆಗೆ ಎಷ್ಟು ಎಂಎಲ್ ಕೊಟ್ಟೆ ಅಂತ ಬರೆಯಲಿ. ಕೈಗೆ ಕೆಲಸ ಇರುತ್ತೆ, ಡಾಕ್ಟರಿಗೂ ಉಪಯೋಗ.


ಗದ್ದೆಬದು, ಮದ್ದೂರು ಹತ್ತಿರ

ಒಂಬತ್ತು ದಿನ ಆದ ಮೇಲೆ ಬರೀತಿದ್ದೀನಿ, ಕ್ಷಮಿಸಿ. ಮಾರನೇ ದಿನ ಬೆಳಿಗ್ಗೆಯೇ ಹೋದೆವು. ಫಾಸ್ಫೇಟ್ ಕಡಿಮೆ ಇತ್ತು, ಪೊಟ್ಯಾಸಿಯಂ ಕೂಡ. ಐದು ದಿನ ಅಡ್ಮಿಟ್ ಮಾಡಿಕೊಂಡು ಬಿ1 ಇಂಜೆಕ್ಷನ್ ಕೊಟ್ಟು ನಿಧಾನಕ್ಕೆ ಏರಿಸಿದರು. ಥಯಾಮಿನ್ ಅಂದ ಕೂಡಲೇ ಆ ಡಾಕ್ಟರು ತಲೆ ಎತ್ತಿ, ಯಾರು ಹೇಳಿದ್ದು ಅಂತ ಕೇಳಿದರು. ಈಗ ಮನೆಗೆ ಬಂದಿದ್ದೀವಿ, 1,000 ಕ್ಯಾಲೊರಿ ಹತ್ತಿರ ಹೋಗ್ತಿದೆ. ರೇಡಿಯೇಷನ್ ಒಂದು ವಾರ ಮುಂದೆ ಹಾಕಿದ್ದಾರೆ. ತೂಕ 43.4. ಗಂಜಿ ತೆಳ್ಳಗಾಗೋದು ನೋಡಿ ಅವ್ವ ಇನ್ನೊಂದು ಸಲ ಮಾಡಿ ತೋರಿಸು ಅಂದಳು.

ಮೇಷ್ಟ್ರೇ, ನೋಟ್‌ಬುಕ್ ಕೊಟ್ಟೆ. ಅವ್ವನಿಗೆ ಓದು ಬರಹ ಬರಲ್ಲ, ಒಂದು ಸಲ ಕೊಟ್ಟರೆ ಒಂದು ಗೆರೆ ಎಳೆಯುತ್ತಾಳೆ.

ಮೇಡಂ, ಒಂದೇ ಪ್ರಶ್ನೆ. ಅಪ್ಪ ನಿನ್ನೆಯಿಂದ ಉಪ್ಸಾರು ಉಪ್ಸಾರು ಅಂತಿದ್ದಾರೆ. ನೀರು ಗುಟುಕರಿಸಬಹುದು ಅಂತ ಡಾಕ್ಟರು ಹೇಳಿದ್ದಾರೆ. ಖಾರ ಒಂಚೂರು ನಾಲಿಗೆಗೆ ಸವರಬಹುದಾ?


ಚಾಮುಂಡಿಪುರಂ ಡಯಟ್

ಖಾರ ಬೇಡ ತಂಗಿ, ರೇಡಿಯೇಷನ್ ಶುರುವಾದರೆ ಗಂಟಲು, ಅನ್ನನಾಳ ಹುಣ್ಣಾಗಬಹುದು. ಬೇಳೆ ಸೊಪ್ಪು ಬೇಯಿಸಿದ ಕಟ್ಟು ಸೋಸಿ, ಉಪ್ಪು ಹಾಕಿ, ಬೆಚ್ಚಗೆ ಒಂದೊಂದೇ ಚಮಚ ಕೊಡಿ, ನೆಟ್ಟಗೆ ಕೂರಿಸಿ. ಕೆಮ್ಮು ಬಂದರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಯಾವ ಸೊಪ್ಪು ಬೇಕು ಅಂತ ಅವರನ್ನೇ ಕೇಳಿ.


ಗದ್ದೆಬದು, ಮದ್ದೂರು ಹತ್ತಿರ

ಕೇಳಿದೆ. ದಂಟಿನ ಸೊಪ್ಪು, ಅದೂ ನಮ್ಮ ಹಿತ್ತಲದ್ದೇ ಆಗಬೇಕಂತೆ.